ಇಗರ್ಜಿ ಅಂಗಳದ ಕನ್ನಡ ಶಾಲೆ

ಲಗೋರಿ ಆಡುವಾಗ ಮೊಣಕಾಲು ತರಚಿದರೆ ಯಾವ ಮಗು ಹೇಗೆ ಅಳುತ್ತದೆ ಎನ್ನುವುದು ದಕ್ಷಿಣ ಕನ್ನಡದ ಇಗರ್ಜಿ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತು. ತುಳು ಮನೆಯವನು ‘ಅಪ್ಪೇ’ ಎನ್ನುತ್ತಾನೆ. ಪೊರ್ಬುಗಳ, ಅಂದರೆ ಕೊಂಕಣಿ ಕಥೊಲಿಕರ, ಹುಡುಗಿ ‘ಮಾಂಯ್’ ಎನ್ನುತ್ತಾಳೆ. ಬ್ಯಾರಿ ಹುಡುಗನಿಗೆ ‘ಉಮ್ಮಾ’. ಅತ್ತು ಮುಗಿಸಿ ದೂರು ಹೇಳಲು ಹೋದಾಗ ಮಾತ್ರ ಮೂವರ ಬಾಯಲ್ಲೂ ಕನ್ನಡ: “ಟೀಚರ್, ಅವ ನನ್ನನ್ನು ದೂಡಿ ಹಾಕಿದ.”

ನಾನು ಏಳನೆಯವರೆಗೆ ಕಲಿತದ್ದು ಇಂಥದ್ದೇ ಒಂದು ಶಾಲೆಯಲ್ಲಿ. ಒಬ್ಬಿಬ್ಬರು ಹವ್ಯಕರ ಮಕ್ಕಳನ್ನು ಬಿಟ್ಟರೆ ಕನ್ನಡ ನಮ್ಮಲ್ಲಿ ಯಾರ ಮನೆಯ ಮಾತೂ ಆಗಿರಲಿಲ್ಲ. ಅವರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಹಾಗಾಗಿ ತಪ್ಪು ಮಾಡುವುದರಲ್ಲಿ ಎಲ್ಲರೂ ಸಮಾನರು. ಗುತ್ತಿನ ಮನೆಯ ಹುಡುಗನೂ ಅವರ ಗದ್ದೆಯಲ್ಲಿ ನೇಜಿ ನೆಡುವವಳ ಮಗನೂ ‘ಅ’ಕಾರ ‘ಹ’ಕಾರಕ್ಕೆ ಒಂದೇ ಬೆಂಚಿನಲ್ಲಿ ನಿಂತು ಬೈಸಿಕೊಳ್ಳುತ್ತಿದ್ದರು. ಸಮಾನತೆ ಎನ್ನುವ ಶಬ್ದ ಸಮಾಜ ಪಾಠದಲ್ಲಿ ಬರುವ ಎಷ್ಟೋ ಮೊದಲೇ ನಮಗೆ ಅದರ ಅಭ್ಯಾಸವಾಗಿತ್ತು.

ಈ ಶಾಲೆಗಳ ನಕ್ಷೆ ಹೆಚ್ಚುಕಡಿಮೆ ಒಂದೇ. ಬಸ್ಸಿಳಿದು ಗುಡ್ಡ ಹತ್ತಿದರೆ ಮೊದಲು ಶಿಲುಬೆ, ಆಮೇಲೆ ಇಗರ್ಜಿ, ಪಕ್ಕದಲ್ಲಿ ಪಾದ್ರಿಗಳ ಬಂಗಲೆ, ಹಿಂದೆ ಸಮಾಧಿಗಳ ಜಾಗ, ಕೆಳಗೆ ಬಾವಿ. ನಡುವೆ ಮುರಕಲ್ಲಿನ ಉದ್ದ ಕಟ್ಟಡ, ಜಗಲಿಯಲ್ಲಿ ನೇತುಹಾಕಿದ ರೈಲು ಹಳಿಯ ತುಂಡು. ಅದೇ ಗಂಟೆ. ಮಾಡಿಗೆ ಮಂಗಳೂರು ಹೆಂಚು. ಈ ಹೆಂಚನ್ನು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ್ದು 1865ರಲ್ಲಿ, ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಪ್ರೊಟೆಸ್ಟಂಟರು ಎರಡೇ ವರ್ಷದಲ್ಲಿ ಶಾಲೆ ತೆರೆದರು, 1841ರಲ್ಲಿ ಮುದ್ರಣಾಲಯ ಹಾಕಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಅವರ ಮೋಗ್ಲಿಂಗರ ಕೈಯಿಂದ. ಕೊಂಕಣಿ ಕಥೊಲಿಕರಿಗೂ ಅವರಿಗೂ ಪಂಥ ಬೇರೆ. ಆದರೆ ಮಳೆಗಾಲದಲ್ಲಿ ಕಥೊಲಿಕ ಶಾಲೆಯ ಮಕ್ಕಳ ತಲೆ ಕಾದದ್ದು ಪ್ರೊಟೆಸ್ಟಂಟರು ತಂದ ಹೆಂಚು.

ಹಳ್ಳಿ ಇಗರ್ಜಿಗಳ ಶಾಲೆಗಳು ಮದರಾಸು ಸರಕಾರದ ಕಾಲದಲ್ಲಿ ಒಂದೊಂದಾಗಿ ಹುಟ್ಟಿದವು. ಅಜ್ಜಂದಿರ ಬಾಯಲ್ಲಿ ಇವತ್ತಿಗೂ ಅವು ‘ಹೈಯರ್ ಎಲಿಮೆಂಟರಿ’ ಶಾಲೆಗಳೇ. ಮಾಸ್ತರರ ಸಂಬಳಕ್ಕೆ ಸರಕಾರದ ಅನುದಾನ, ಕಟ್ಟಡಕ್ಕೆ ಊರವರ ಕೈ. ಹೆಣ್ಣುಮಕ್ಕಳನ್ನು ಶಾಲೆಗೆ ತರುವ ಕೆಲಸ ಬೇರೆಯೇ ಇತ್ತು. ಅದಕ್ಕೆಂದೇ 1921ರಲ್ಲಿ ಬೆಂದೂರಿನ ಧರ್ಮಗುರು ರೇಮಂಡ್ ಮಸ್ಕರೇನ್ಹಸ್ ನಾಲ್ವರು ಯುವತಿಯರೊಂದಿಗೆ ಬೆಥನಿ ಸಂಸ್ಥೆ ಆರಂಭಿಸಿದರು. ಬಿಳಿ ಉಡುಪಿನ ಸಿಸ್ಟರ್‌ಗಳು ಕೊಡೆ ಹಿಡಿದು ಗದ್ದೆಯ ಕಟ್ಟಪುಣಿಯಲ್ಲಿ ನಡೆದು, “ನಿಮ್ಮ ಮಗಳನ್ನು ಯಾಕೆ ಕಳಿಸ್ಲಿಲ್ಲ?” ಎಂದು ಮನೆ ಮನೆಗೆ ಕೇಳಲು ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಅವರನ್ನು ಕಂಡು ಹುಡುಗಿಯರು ಹಟ್ಟಿಯಲ್ಲಿ ಅಡಗುತ್ತಿದ್ದರಂತೆ. ಅಡಗಿದವರಲ್ಲಿ ನನ್ನ ದೊಡ್ಡಮ್ಮನೂ ಒಬ್ಬರು. ಆಮೇಲೆ ಅವರೇ ಟೀಚರಾದರು.

ಶಾಲೆಯ ಸಂಚಾಲಕರು ಇಗರ್ಜಿಯ ಫಾದರ್. ಅವರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅವರೊಂದಿಗೆ ಶಾಲೆಯ ಹುಚ್ಚೂ ಬದಲಾಗುತ್ತದೆ. ಒಬ್ಬರಿಗೆ ಬ್ಯಾಂಡು, ಇನ್ನೊಬ್ಬರಿಗೆ ತರಕಾರಿ ತೋಟ. ನಮ್ಮ ಕಾಲದ ಫಾದರಿಗೆ ಬಸಳೆ ಚಪ್ಪರದ ಹುಚ್ಚು. ಆಟದ ಪೀರಿಯಡ್ಡಿನಲ್ಲಿ ನೀರು ಹೊತ್ತೇ ನಮ್ಮ ತೋಳು ಗಟ್ಟಿಯಾದವು.

ಮೌಲ್ಯ ಶಿಕ್ಷಣ ಅಂತ ಈಗ ಪುಸ್ತಕಗಳೇ ಬಂದಿವೆ. ನನಗೆ ಅವುಗಳಲ್ಲಿ ಅಷ್ಟು ನಂಬಿಕೆ ಇಲ್ಲ. ಇಂಥ ಶಾಲೆಯ ಮೌಲ್ಯ ನೋಡಬೇಕಾದರೆ ಗುಡಿಸುವ ಸರದಿ ನೋಡಬೇಕು. ಜಗಲಿ, ಅಂಗಳ, ಕಕ್ಕಸು ಮೂರಕ್ಕೂ ವಾರದ ಗುಂಪುಗಳು. ನಮ್ಮಲ್ಲಿ ಗುಂಪು ಮಾಡುತ್ತಿದ್ದುದು ಹಾಜರಿ ಪುಸ್ತಕದ ಕ್ರಮದಲ್ಲಿ. ಅಕ್ಷರಮಾಲೆಗೆ ಜಾತಿ ಗೊತ್ತಿಲ್ಲವಲ್ಲ! ಕಕ್ಕಸಿನ ಸರದಿ ಬಂದಾಗ ಒಬ್ಬಳ ಅಪ್ಪ ಶಾಲೆಗೆ ಬಂದು ಗದ್ದಲ ಮಾಡಿದ್ದು ನೆನಪಿದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಏನೂ ಹೇಳಲಿಲ್ಲ. ಮರುದಿನ ಆ ಗುಂಪಿನೊಂದಿಗೆ ತಾವೇ ಹಿಡಿಸೂಡಿ ಹಿಡಿದು ನಿಂತರು. ಆ ಅಪ್ಪ ಮತ್ತೆ ಬರಲಿಲ್ಲ.

ಊಟದ ಹೊತ್ತಿನದ್ದು ಇನ್ನೊಂದು ಪಾಠ. ನಮಗಿಂತ ಹಿರಿಯರಿಗೆ ಶಾಲೆ ಎಂದರೆ ಸಜ್ಜಿಗೆಯ ಪರಿಮಳ. ಈಗ ಅಕ್ಷರ ದಾಸೋಹ. ಮೊನ್ನೆ ಬಂಟ್ವಾಳ ಕಡೆಯ ಒಂದು ಶಾಲೆಗೆ ಹೋದಾಗ ನೋಡಿದೆ: ಏಳನೆಯವರು ಬಡಿಸುತ್ತಾರೆ, ಒಂದನೆಯವರಿಗೆ ಮೊದಲು. ಬಡಿಸಿದವರು ಕೊನೆಗೆ ಕೂರಬೇಕು, ಸಾರಿನ ತಳದಲ್ಲಿ ಏನುಳಿದಿದೆಯೋ ಅದು ಅವರಿಗೆ. ಊಟಕ್ಕೆ ಮೊದಲು ಪ್ರಾರ್ಥನೆ, ಕನ್ನಡದಲ್ಲಿ, ಯಾವ ದೇವರ ಹೆಸರೂ ಇಲ್ಲದ್ದು. “ಮೊಟ್ಟೆ ಯಾರಿಗೆ? ಬಾಳೆಹಣ್ಣು ಯಾರಿಗೆ?” ಎಂದು ಟೀಚರು ಕೇಳಿದಾಗ ಕೈಗಳು ಎದ್ದವು. ಬಾಳೆಹಣ್ಣಿಗೆ ಕೈ ಎತ್ತಿದವನನ್ನು ಪಕ್ಕದವನು ಒಂದು ಕ್ಷಣ ನೋಡಿ, ತನ್ನ ಮೊಟ್ಟೆ ಸುಲಿಯಲು ತೊಡಗಿದ. ಅಷ್ಟೇ. ಮಕ್ಕಳ ತಕರಾರು ಇದ್ದದ್ದು ಅನ್ನದ ಮೇಲೆ. ಮನೆಯಲ್ಲಿ ಕುಚ್ಚಲು, ಶಾಲೆಯಲ್ಲಿ ಬೆಳ್ತಿಗೆ!

ಧರ್ಮದ ವಿಷಯ ಹೊರಗಿನವರು ಕೇಳಿಯೇ ಕೇಳುತ್ತಾರೆ. ನಾನು ಕಂಡದ್ದು ಇಷ್ಟು: ವಾರದ ಒಂದು ಪೀರಿಯಡ್ಡಿನಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಿದ್ದರು, ಉಳಿದವರಿಗೆ ನೀತಿಪಾಠ. ಬ್ಯಾರಿ ಮಕ್ಕಳು ಬೆಳಿಗ್ಗೆ ಮದ್ರಸ ಮುಗಿಸಿಯೇ ಶಾಲೆಗೆ ಬರುತ್ತಿದ್ದರು, ನಮ್ಮ ಕೆಲವರು ಶನಿವಾರ ಸಂಜೆ ಭಜನಾ ಮಂದಿರಕ್ಕೆ. ಎಲ್ಲರಿಗೂ ಎಲ್ಲರ ವೇಳಾಪಟ್ಟಿ ಬಾಯಿಪಾಠ. ಮಧ್ಯಾಹ್ನ 12ಕ್ಕೆ ಇಗರ್ಜಿಯ ಗಂಟೆ ಬಾರಿಸಿದಾಗ ಕ್ರೈಸ್ತ ಮಕ್ಕಳು ನಿಂತಲ್ಲೇ ನಿಲ್ಲುತ್ತಿದ್ದರು. ನಾವೂ ನಿಲ್ಲುತ್ತಿದ್ದೆವು. ಭಕ್ತಿಯಿಂದ ಅಂತ ಸುಳ್ಳು ಹೇಳಲಾರೆ. ಅಷ್ಟು ಹೊತ್ತು ಲೆಕ್ಕ ನಿಲ್ಲುತ್ತಿತ್ತು.

ಎಲ್ಲವೂ ಚಂದವಿತ್ತು ಎಂದೂ ಅಲ್ಲ. ನಾಗರಬೆತ್ತ ಧಾರಾಳವಾಗಿ ಓಡಾಡುತ್ತಿತ್ತು. ಅಂಗಳದಲ್ಲಿ ತುಳು ಮಾತಾಡಿದರೂ ದಂಡ, ಒಂದು ಮಾತಿಗೆ ಐದು ಪೈಸೆ. ಎಲ್ಲರನ್ನೂ ಒಂದು ಮಾಡಿದ ಕನ್ನಡವೇ ಆ ಹೊತ್ತಿಗೆ ಬಾಯಿಗೆ ಬೀಗವೂ ಆಯಿತು. ಅದನ್ನು ನಾನು ಇನ್ನೂ ಪೂರ್ತಿ ಮರೆತಿಲ್ಲ.

ಈಗ ದಂಡ ಹಾಕಬೇಕೆಂದರೂ ಮಕ್ಕಳಿಲ್ಲ. ಒಂದರಿಂದ ನಾಲ್ಕರವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರಕಾರ 1994ರಲ್ಲಿ ಹೊರಡಿಸಿದ್ದ ಆದೇಶ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಬಿತ್ತು. ಮಾಧ್ಯಮದ ಆಯ್ಕೆ ಪೋಷಕರದ್ದು ಎಂದಿತು ಕೋರ್ಟು. ಪೋಷಕರು ಆರಿಸಿಕೊಂಡದ್ದು ಏನನ್ನು ಎಂದು ಹಳದಿ ವ್ಯಾನುಗಳನ್ನು ನೋಡಿದರೆ ತಿಳಿಯುತ್ತದೆ. ಮೊದಲು ಹೋದವರಲ್ಲಿ ಇಗರ್ಜಿಯ ಸ್ವಂತ ಕುಟುಂಬಗಳೂ ಇದ್ದವು. ಎಷ್ಟೋ ಕಡೆ ಅದೇ ಅಂಗಳದಲ್ಲಿ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡ ಎದ್ದು, ಹೆಂಚಿನ ಶಾಲೆ ಅದರ ನೆರಳಿಗೆ ಸರಿದಿದೆ. ನಿವೃತ್ತರಾದವರ ಜಾಗ ತುಂಬುತ್ತಿಲ್ಲ. ಹಳೆ ವಿದ್ಯಾರ್ಥಿಗಳು ಮುಂಬಯಿಯಿಂದ, ಕೊಲ್ಲಿಯಿಂದ ಕಳಿಸಿದ ಹಣದಲ್ಲಿ ಗೌರವ ಶಿಕ್ಷಕಿಯರ ಸಂಬಳ ನಡೆಯುತ್ತದೆ.

ಬಂಟ್ವಾಳದ ಆ ಶಾಲೆ ಮಾತ್ರ ಇನ್ನೂ ಮುಚ್ಚಿಲ್ಲ. ಯಾಕೆಂದು ಕೇಳಿದ್ದಕ್ಕೆ ಮುಖ್ಯ ಶಿಕ್ಷಕಿ ನಕ್ಕು, “ಮೇಲಿನ ಕೋರೆಯವರ ಮಕ್ಕಳು ಇದ್ದಾರಲ್ಲ ಮಾರ್ರೆ” ಎಂದರು. ಮುರಕಲ್ಲಿನ ಕೋರೆಯಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯಲು ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದವರ ಮಕ್ಕಳು. ಅವರದ್ದು ಮನೆಯಲ್ಲೂ ಕನ್ನಡವೇ. ಯಾರ ಮನೆಯದ್ದೂ ಅಲ್ಲದ ಮಾತಿನಲ್ಲಿ ನಡೆದುಬಂದ ಶಾಲೆಯನ್ನು ಈಗ ಆ ಮಾತನ್ನು ಮನೆಯಿಂದ ತಂದವರು ಉಳಿಸುತ್ತಿದ್ದಾರೆ. ಮೊದಮೊದಲು ಅವರ ಕನ್ನಡ ಇವರಿಗೆ ಅರ್ಥವಾಗುತ್ತಿರಲಿಲ್ಲವಂತೆ, ಇವರ ‘ಎಂತ’ ಅವರಿಗೆ ನಗು. ಈಗ ಕೊಪ್ಪಳದ ಹುಡುಗ ತುಳುವಿನಲ್ಲಿ ಜಗಳವಾಡುತ್ತಾನೆ. ಯಾರೂ ದಂಡ ಹಾಕುವುದಿಲ್ಲ.

ನಾನು ಹೋದದ್ದು ಸೆಪ್ಟೆಂಬರ್ ಮೊದಲ ವಾರ. 8ಕ್ಕೆ ಮೊಂತಿ ಫೆಸ್ತ್. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುವ ಕ್ರಮ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಗೊಂದು ತೆನೆ. ಜಗಲಿಯ ಮೇಲೆ ಬುಟ್ಟಿಗಳು ಸಾಲಾಗಿದ್ದವು: ದಾಸವಾಳ, ಗೌರಿ ಹೂ, ಗುಡ್ಡದ ರಥಪುಷ್ಪ. ಬುಟ್ಟಿಗೆ ಹೆಸರಿರಲಿಲ್ಲ. ಮಳೆ ಒಮ್ಮೆ ನಿಂತಿತ್ತು, ಅಂಗಳ ಜಾರುತ್ತಿತ್ತು. ಬೆಲ್ಲು ಹೊಡೆದದ್ದೇ ಒಬ್ಬಳು ಪುಟ್ಟ ಹುಡುಗಿ ತನ್ನ ಬುಟ್ಟಿ ಎತ್ತಿಕೊಂಡು ಇಗರ್ಜಿಯತ್ತ ಓಡಿ, ಮೆಟ್ಟಿಲ ಬಳಿ ಜಾರಿ ಬಿದ್ದಳು.

“ಯವ್ವಾ!”

ನಾಲ್ಕೈದು ಮಕ್ಕಳು ಓಡಿದರು. ಇಬ್ಬರು ಅವಳನ್ನು ಎತ್ತಿದರು, ಉಳಿದವರು ಕೆಸರಲ್ಲಿ ಚೆಲ್ಲಿದ ಹೂಗಳನ್ನು ಒಂದೊಂದಾಗಿ ಆರಿಸಿ ಲಂಗಕ್ಕೆ, ಚಡ್ಡಿಗೆ ಒರೆಸಿ ಬುಟ್ಟಿಗೆ ಹಾಕತೊಡಗಿದರು.