ಗೃಹಗಣಕದಲ್ಲಿ ಉಕ್ತಲೇಖನ: ಮಾತು ಗುರುತಿಸುವ ತಂತ್ರಾಂಶ ಮತ್ತು ಕನ್ನಡ ಬರೆಹ

ಪೀಠಿಕೆ

ಒಬ್ಬರು ಹೇಳುವುದು, ಮತ್ತೊಬ್ಬರು ಬರೆದುಕೊಳ್ಳುವುದು ನಮ್ಮ ವಿದ್ವತ್ ಪರಂಪರೆಗೆ ಹೊಸದಲ್ಲ. ವ್ಯಾಸರು ಹೇಳಿದ ಭಾರತಕಥೆಯನ್ನು ಗಣಪತಿ ಬರೆದುಕೊಂಡನೆಂಬ ಐತಿಹ್ಯದಲ್ಲಿ ಒಂದು ಕರಾರು ಬರುತ್ತದೆ: ಅರ್ಥವನ್ನು ಗ್ರಹಿಸದೆ ಲಿಪಿಕಾರನು ಏನನ್ನೂ ಬರೆಯಕೂಡದು. ಶಾಲೆಯ ಉಕ್ತಲೇಖನದಿಂದ ಕಚೇರಿಯ ಶೀಘ್ರಲಿಪಿಯವರೆಗೆ, ಕೇಳಿ ಬರೆಯುವವರೆಲ್ಲರೂ ಬಹುಮಟ್ಟಿಗೆ ಈ ಕರಾರಿಗೆ ಬದ್ಧರಾದವರೇ. ಮನೆಯ ಗಣಕಯಂತ್ರದ ಮುಂದೆ ಕುಳಿತು ಮಾತನಾಡಿದರೆ ಪರದೆಯ ಮೇಲೆ ಅಕ್ಷರ ಮೂಡಿಸುವ ತಂತ್ರಾಂಶವಾದರೋ ಇದಕ್ಕೆ ಒಳಪಟ್ಟಿಲ್ಲ. ಕೇಳಿದ ಧ್ವನಿಗೆ ಹೊಂದಬಹುದಾದ ಪದಗಳಲ್ಲಿ ಯಾವುದು ಹೆಚ್ಚು ಸಂಭಾವ್ಯವೋ ಅದನ್ನು ಅದು ಆಯ್ದು ಬರೆಯುತ್ತದೆ. ಅದರ ಸಾಮರ್ಥ್ಯ, ದೋಷಗಳೆರಡೂ ಈ ಆಯ್ಕೆಯಿಂದಲೇ ಹುಟ್ಟುತ್ತವೆ. ಆ ಆಯ್ಕೆ ಹೇಗೆ ನಡೆಯುತ್ತದೆ, ಕನ್ನಡದ ಮಟ್ಟಿಗೆ ಅದರಿಂದ ಏನು ಲಭ್ಯ, ಏನು ಅಪಾಯ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಳೆದುಬಂದ ದಾರಿ

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದ ‘ಆಡ್ರಿ’ ಎಂಬ ಯಂತ್ರವು ಪರಿಚಿತ ವ್ಯಕ್ತಿಯೊಬ್ಬರು ಬಿಡಿಬಿಡಿಯಾಗಿ ಉಚ್ಚರಿಸಿದ ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. 1962ರ ಸಿಯಾಟಲ್ ವಿಶ್ವಮೇಳದಲ್ಲಿ ಐಬಿಎಂ ಸಂಸ್ಥೆ ಪ್ರದರ್ಶಿಸಿದ ‘ಷೂಬಾಕ್ಸ್’ ಯಂತ್ರಕ್ಕೆ 16 ಪದಗಳು ತಿಳಿದಿದ್ದವು. 1971ರಿಂದ 1976ರವರೆಗೆ ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ನಡೆದ ಸಂಶೋಧನೆಯ ಫಲವಾಗಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ ವ್ಯವಸ್ಥೆಯು 1,011 ಪದಗಳ ಪರಿಮಿತಿಯಲ್ಲಿ ವಾಕ್ಯಗಳನ್ನು ಗುರುತಿಸತೊಡಗಿತು.

ಆ ವಿಶ್ವವಿದ್ಯಾಲಯದಲ್ಲಿ ಈ ಕ್ಷೇತ್ರಕ್ಕೆ ನೇತೃತ್ವ ವಹಿಸಿದವರು ಆಂಧ್ರಪ್ರದೇಶದ ಚಿತ್ತೂರು ಸೀಮೆಯಲ್ಲಿ ಹುಟ್ಟಿದ ರಾಜ್ ರೆಡ್ಡಿಯವರು. ಅವರ ಶಿಷ್ಯರಾದ ಜೇಮ್ಸ್ ಬೇಕರ್ ಮತ್ತು ಜಾನೆಟ್ ಬೇಕರ್ ದಂಪತಿ 1982ರಲ್ಲಿ ಡ್ರ್ಯಾಗನ್ ಸಿಸ್ಟಮ್ಸ್ ಸಂಸ್ಥೆಯನ್ನು ಕಟ್ಟಿದರು. ವ್ಯಾಕರಣದ ನಿಯಮಗಳನ್ನು ಯಂತ್ರಕ್ಕೆ ಕಲಿಸುವುದಕ್ಕಿಂತ, ಯಾವ ಧ್ವನಿಯ ಬಳಿಕ ಯಾವ ಧ್ವನಿ, ಯಾವ ಪದದ ಬಳಿಕ ಯಾವ ಪದ ಬರುವ ಸಂಭವವೆಷ್ಟು ಎಂದು ಲೆಕ್ಕ ಹಾಕಿಸುವುದೇ ಫಲಕಾರಿ ಎಂಬುದು ಅವರು ಹಿಡಿದ ದಾರಿ. ಐಬಿಎಂ ಸಂಸ್ಥೆಯಲ್ಲಿ ಫ್ರೆಡರಿಕ್ ಜೆಲಿನೆಕ್ ಅವರ ತಂಡವೂ ಅದೇ ಕಾಲದಲ್ಲಿ ಇದೇ ದಾರಿಯಲ್ಲಿ ಸಾಗಿತು.

1990ರಲ್ಲಿ ಬಂದ ‘ಡ್ರ್ಯಾಗನ್ ಡಿಕ್ಟೇಟ್’ ತಂತ್ರಾಂಶದ ಬೆಲೆ ಸಾವಿರಾರು ಡಾಲರು. ಪ್ರತಿ ಪದದ ನಡುವೆಯೂ ಬಳಕೆದಾರರು ಉಸಿರು ಹಿಡಿದು ನಿಲ್ಲಬೇಕಿತ್ತು. 1997ರಲ್ಲಿ ‘ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್’ ಹಾಗೂ ಐಬಿಎಂನ ‘ವಯಾವಾಯ್ಸ್’ ಬಂದಮೇಲೆ ಸಾಮಾನ್ಯ ಗೃಹಗಣಕದಲ್ಲಿಯೇ ಎಡೆಬಿಡದ ಮಾತನ್ನು ಬರೆಹಕ್ಕಿಳಿಸುವುದು ಸಾಧ್ಯವಾಯಿತು. ಆದರೂ ಬಳಕೆದಾರರು ಮೊದಲಿಗೆ ನಿಗದಿತ ಪಠ್ಯವನ್ನು ಓದಿ ತಮ್ಮ ದನಿಯನ್ನು ತಂತ್ರಾಂಶಕ್ಕೆ ಪರಿಚಯಿಸಬೇಕಿತ್ತು. 2007ರಲ್ಲಿ ಬಿಡುಗಡೆಯಾದ ವಿಂಡೋಸ್ ವಿಸ್ಟಾದೊಡನೆ ಈ ಸೌಲಭ್ಯ ಪ್ರತ್ಯೇಕ ವೆಚ್ಚವಿಲ್ಲದೆ ದೊರೆಯಿತು. ಇಂಗ್ಲಿಷ್, ಜರ್ಮನ್, ಫ್ರೆಂಚ್, ಜಪಾನಿ ಮೊದಲಾದ ಭಾಷೆಗಳಿಗೆ ಒದಗಿದ ಈ ಅನುಕೂಲ ಆಗ ಕನ್ನಡಕ್ಕೆ ಒದಗಲಿಲ್ಲ. 2017ರಲ್ಲಿ ಗೂಗಲ್ ಸಂಸ್ಥೆ ತನ್ನ ಧ್ವನಿ ಬೆರಳಚ್ಚಿಗೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿದ ಮೇಲೆಯೇ ಕನ್ನಡದ ಉಕ್ತಲೇಖನ ಸಾಮಾನ್ಯರ ಕೈಗೆ ವ್ಯಾಪಕವಾಗಿ ಎಟುಕಿತು.

ಯಂತ್ರವು ಆಲಿಸುವ ಬಗೆ

ಮೈಕಿನ ಮೂಲಕ ಬಂದ ಧ್ವನಿಯನ್ನು ಗಣಕಯಂತ್ರವು ಸೆಕೆಂಡಿಗೆ ಸಾಮಾನ್ಯವಾಗಿ 16,000 ಬಾರಿ ಅಳೆದು ಸಂಖ್ಯೆಗಳಾಗಿ ಪರಿವರ್ತಿಸುತ್ತದೆ. ಆ ಸಂಖ್ಯೆಗಳ ಪ್ರವಾಹವನ್ನು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರದಲ್ಲಿ ತುಣುಕುಗಳಾಗಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಾಂಕಗಳು ಪ್ರಬಲವಾಗಿವೆ ಎಂದು ಪರಿಶೀಲಿಸುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಮುಂದಿನ ಕೆಲಸ ಮೂರು ಪಾಲಾಗಿತ್ತು: ತುಣುಕುಗಳನ್ನು ವರ್ಣಗಳಿಗೆ ಹೊಂದಿಸುವ ಧ್ವನಿಮಾದರಿ, ವರ್ಣಗಳನ್ನು ಪದಗಳಿಗೆ ಹೊಂದಿಸುವ ಉಚ್ಚಾರಣಾ ಕೋಶ, ಪದಗಳ ಅನುಕ್ರಮವನ್ನು ತೂಗಿನೋಡುವ ಭಾಷಾಮಾದರಿ. 2010ರ ಬಳಿಕ ನರಜಾಲ ಮಾದರಿಗಳು ಪ್ರಬಲವಾಗಿ, ಈ ಮೂರು ಕೆಲಸಗಳನ್ನೂ ಒಂದೇ ಮಾದರಿಯು ಒಟ್ಟಾಗಿ ನಿರ್ವಹಿಸುವ ಪದ್ಧತಿ ಬೆಳೆಯಿತು. ಆದರೂ ಮೂಲತತ್ತ್ವ ಬದಲಾಗಿಲ್ಲ. ಕಿವಿಗೆ ಬಿದ್ದ ಸಾಕ್ಷ್ಯ ಹಾಗೂ ಹಿಂದೆ ಕಂಡ ಬರೆಹಗಳ ಸಾಕ್ಷ್ಯ ಎಂಬ ಎರಡರ ನಡುವೆ ಯಂತ್ರವು ತೀರ್ಪು ಕೊಡುತ್ತದೆ.

ಇದಕ್ಕೆ ಕನ್ನಡದಲ್ಲಿ ‘ದನ’ ಮತ್ತು ‘ಧನ’ ಒಳ್ಳೆಯ ಉದಾಹರಣೆ. ಆಡುಮಾತಿನಲ್ಲಿ ಬಹುಜನರು ಮಹಾಪ್ರಾಣವನ್ನು ಸ್ಪಷ್ಟವಾಗಿ ಉಚ್ಚರಿಸುವುದಿಲ್ಲವಾದ್ದರಿಂದ ಕಿವಿಯ ಸಾಕ್ಷ್ಯವಷ್ಟೇ ಇಲ್ಲಿ ಸಾಲದು. ಮುಂದೆ ‘ಸಹಾಯ’ ಬಂದರೆ ‘ಧನ’ವೆಂದೂ ‘ಕೊಟ್ಟಿಗೆ’ ಬಂದರೆ ‘ದನ’ವೆಂದೂ ಯಂತ್ರವು ನಿರ್ಣಯಿಸುವುದು ನೆರೆಯ ಪದಗಳ ಬಲದಿಂದ. ಸಂದರ್ಭ ದುರ್ಬಲವಾದಾಗ ರೈತನ ದನವು ಧನವಾಗುವುದು ಅಸಂಭವವೇನಲ್ಲ.

ಕನ್ನಡದ ವಿಶಿಷ್ಟ ತೊಡಕುಗಳು

ಮೊದಲನೆಯದು ಪದರಚನೆಯದು. ‘ಮನೆ’ ಎಂಬ ಒಂದು ಪ್ರಕೃತಿಯಿಂದ ‘ಮನೆಯಲ್ಲಿ’, ‘ಮನೆಗಳಿಂದಲೂ’, ‘ಮನೆಯಲ್ಲಿದ್ದವರಿಗೂ’ ಮುಂತಾಗಿ ಅಸಂಖ್ಯ ರೂಪಗಳು ಹೊರಡುತ್ತವೆ. ಪ್ರತ್ಯಯ ಮತ್ತು ಸಂಧಿಗಳಿಂದ ಬೆಳೆಯುವ ಭಾಷೆಯಲ್ಲಿ ಸಿದ್ಧ ಪದಪಟ್ಟಿಯನ್ನು ಎಷ್ಟು ಹಿಗ್ಗಿಸಿದರೂ ಅದು ಸಾಲದು. ಆದಕಾರಣ ಈಚಿನ ಮಾದರಿಗಳು ಇಡೀ ಪದವನ್ನಲ್ಲದೆ ಪದದ ತುಂಡುಗಳನ್ನು ಘಟಕವಾಗಿ ಬಳಸುತ್ತವೆ. ಎರಡು ಪದಗಳನ್ನು ಕೂಡಿಸಿ ಬರೆಯಬೇಕೋ ಬಿಡಿಸಿ ಬರೆಯಬೇಕೋ ಎಂಬ ವಿಷಯದಲ್ಲಿ ಅವು ತಡವರಿಸುವುದಕ್ಕೆ ಕನ್ನಡ ಬರೆಹದಲ್ಲಿಯೇ ಇರುವ ಅನಿಶ್ಚಯವೂ ಒಂದು ಕಾರಣ.

ಎರಡನೆಯದು ಪ್ರಾದೇಶಿಕ ಉಚ್ಚಾರಣೆಯದು. ದಕ್ಷಿಣ ಕರ್ನಾಟಕದ ಹಲವು ಕಡೆ ಪದಾದಿಯ ಹಕಾರ ಲೋಪವಾಗಿ ‘ಹಕ್ಕಿ’ಯೂ ‘ಅಕ್ಕಿ’ಯೂ ಒಂದೇ ಆಗಿ ಕೇಳಿಸುತ್ತವೆ. ‘ಶಾಲೆ’ ಎಂಬುದು ಧಾರವಾಡದ ಕಡೆ ‘ಸಾಲಿ’ ಆಗುತ್ತದೆ. ಸಂದರ್ಭದ ನೆರವಿನಿಂದ ಇಂಥವನ್ನು ತಕ್ಕಮಟ್ಟಿಗೆ ನಿವಾರಿಸಬಹುದು.

ಮೂರನೆಯದು ಎಲ್ಲಕ್ಕಿಂತ ಗಹನವಾದದ್ದು. ಅದು ಆಡುಮಾತಿಗೂ ಗ್ರಂಥಭಾಷೆಗೂ ಇರುವ ಅಂತರ. ಬರೆಹದ ‘ಬರುತ್ತೇನೆ’ ಮೈಸೂರಿನಲ್ಲಿ ‘ಬರ್ತೀನಿ’, ಧಾರವಾಡದಲ್ಲಿ ‘ಬರ್ತೇನಿ’, ಮಂಗಳೂರಿನಲ್ಲಿ ‘ಬರ್ತೇನೆ’. ಯಂತ್ರವು ಆಡಿದ್ದನ್ನು ಬರೆಯಬೇಕೆ, ಶಿಷ್ಟರೂಪಕ್ಕೆ ತಿದ್ದಿ ಬರೆಯಬೇಕೆ? ಅರ್ಜಿ ಬರೆಯುವವರಿಗೆ ಎರಡನೆಯದು ಉಪಕಾರ. ಜನಪದ ಕಥೆಯನ್ನೋ ಉಪಭಾಷೆಯ ಮಾದರಿಯನ್ನೋ ದಾಖಲಿಸುವ ಸಂಶೋಧಕರಿಗೆ ಅದೇ ಅಪಚಾರ. ಮಾದರಿಯನ್ನು ಬಹುಪಾಲು ಮುದ್ರಿತ ಬರೆಹ ಹಾಗೂ ಓದಿ ಹೇಳಿದ ಧ್ವನಿಯ ಮೇಲೆ ಪಳಗಿಸಿದ್ದರೆ ಅದು ಶಿಷ್ಟರೂಪದತ್ತಲೇ ವಾಲುತ್ತದೆ. ಹಳ್ಳಿಯ ಹಿರಿಯರೊಬ್ಬರು ನುಡಿದ ಅಪರೂಪದ ದೇಸಿ ಪದವನ್ನು ಅದಕ್ಕೆ ಹತ್ತಿರವಾದ, ಹೆಚ್ಚು ಪರಿಚಿತವಾದ ಪದವೊಂದು ನುಂಗಿಬಿಡುತ್ತದೆ. ಕೋಶ ಸೇರಬೇಕಾಗಿದ್ದ ಪದ ಕುರುಹಿಲ್ಲದೆ ಅಳಿದುಹೋಗುತ್ತದೆ.

ಬಳಕೆಯ ಕ್ರಮ ಮತ್ತು ಎಚ್ಚರ

ಕೀಲಿಮಣೆಯ ದೋಷಕ್ಕೂ ಉಕ್ತಲೇಖನದ ದೋಷಕ್ಕೂ ಸ್ವರೂಪದಲ್ಲಿಯೇ ಭೇದವಿದೆ. ಬೆರಳು ತಪ್ಪಿದರೆ ಸಾಮಾನ್ಯವಾಗಿ ಪದವೇ ಕೆಟ್ಟು, ಕಣ್ಣಿಗೆ ಕೂಡಲೇ ಬೀಳುತ್ತದೆ. ಯಂತ್ರವು ತಪ್ಪಿದಾಗ ಬಹುಮಟ್ಟಿಗೆ ಕಾಗುಣಿತ ಸರಿಯಾಗಿರುವ ಬೇರೊಂದು ಪದ ಕುಳಿತಿರುತ್ತದೆ. ಕಾಗುಣಿತ ಪರೀಕ್ಷಕ ಅದನ್ನು ಹಿಡಿಯಲಾರದು. ಆದ್ದರಿಂದ ಇಂಥ ಕರಡನ್ನು ಅರ್ಥಕ್ಕಾಗಿ ಗಟ್ಟಿಯಾಗಿ ಓದಿ ತಿದ್ದಬೇಕು. ಸಂಶೋಧನೆಯ ಸಾಮಗ್ರಿಯಾದರೆ ಮೂಲ ಧ್ವನಿಮುದ್ರಣವನ್ನು ಉಳಿಸಿಕೊಂಡು ಅದರೊಡನೆ ಹೋಲಿಸಬೇಕು. ಅಂಕಿತನಾಮ, ಅಂಕಿ, ಪಾರಿಭಾಷಿಕ ಪದಗಳಿಗೆ ವಿಶೇಷ ಗಮನ ಅಗತ್ಯ. ಮೈಕನ್ನು ಬಾಯಿಯ ನೇರಕ್ಕಲ್ಲದೆ ತುಸು ಬದಿಗೆ ಇರಿಸುವುದು, ಫ್ಯಾನು ಮತ್ತು ದೂರದರ್ಶನದ ಸದ್ದನ್ನು ತಗ್ಗಿಸುವುದು, ಪದಪದವಾಗಿ ಕಡಿಯದೆ ಪೂರ್ಣ ವಾಕ್ಯವನ್ನು ಸಹಜ ಲಯದಲ್ಲಿ ಹೇಳುವುದು ಫಲಿತಾಂಶವನ್ನು ಉತ್ತಮಪಡಿಸುತ್ತವೆ. 1990ರ ತಂತ್ರಾಂಶಕ್ಕೆ ಬೇಕಾಗಿದ್ದ ಬಿಡುವು ಇಂದಿನ ಮಾದರಿಗೆ ಬೇಡ. ನೆರೆಯ ಪದಗಳೇ ಅದಕ್ಕೆ ಆಧಾರ.

ಕೈಬೆರಳುಗಳ ನೋವಿನಿಂದ ಬಳಲುವವರು, ದೃಷ್ಟಿದೋಷವುಳ್ಳವರು, ಕೀಲಿಮಣೆಯ ವಿನ್ಯಾಸ ಕಲಿಯದ ವಯೋವೃದ್ಧ ವಿದ್ವಾಂಸರು ಇವರಿಗೆಲ್ಲ ಈ ಸಾಧನ ಅನುಕೂಲವೆಂಬುದಕ್ಕಿಂತ ಅವಶ್ಯಕತೆಯೇ ಆಗಿದೆ. ಆದರೆ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರಿತಿರಬೇಕು. ಅಂತರಜಾಲ ಸೇವೆಗಳಲ್ಲಿ ಸಾಮಾನ್ಯವಾಗಿ ಧ್ವನಿಯು ಸೇವಾ ಸಂಸ್ಥೆಯ ಗಣಕಗಳಿಗೆ ರವಾನೆಯಾಗುತ್ತದೆ. ವಕ್ತೃಗಳ ಸಂದರ್ಶನಗಳನ್ನು ಹೀಗೆ ಕಳುಹಿಸುವ ಮೊದಲು ಅವರ ಒಪ್ಪಿಗೆ ಪಡೆಯುವುದು ಕರ್ತವ್ಯ. 2022ರಲ್ಲಿ ಓಪನ್‌ಎಐ ಸಂಸ್ಥೆ ಮುಕ್ತವಾಗಿ ಬಿಡುಗಡೆ ಮಾಡಿದ ‘ವಿಸ್ಪರ್’ ಮಾದರಿಯನ್ನು ಮನೆಯ ಗಣಕದಲ್ಲಿಯೇ ನಡೆಸಬಹುದಾದ್ದರಿಂದ ಧ್ವನಿಯು ಹೊರಗೆ ಹೋಗುವುದಿಲ್ಲ. ಆದರೆ ಅದರ ತರಬೇತಿಗೆ ಬಳಸಿದ 6,80,000 ಗಂಟೆಗಳ ಧ್ವನಿಯಲ್ಲಿ ಕನ್ನಡ ಮಾತಿಗೆ ಕನ್ನಡ ಬರೆಹವನ್ನೇ ಜೋಡಿಸಿದ ಭಾಗ ಬೆರಳೆಣಿಕೆಯ ಗಂಟೆಗಳಷ್ಟು. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ಮಾತೃಭಾಷೆಯಾದ ನುಡಿಯೊಂದರ ಪಾಲು ಇದು.

ಸಮಾರೋಪ

ಈ ಕೊರತೆಯನ್ನು ತುಂಬುವ ಯತ್ನಗಳು ನಡೆದಿವೆ. ಕೇಂದ್ರ ಸರ್ಕಾರವು 2022ರಲ್ಲಿ ‘ಭಾಷಿಣಿ’ಗೆ ಚಾಲನೆ ನೀಡಿತು. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ ಭಾರತೀಯ ಭಾಷೆಗಳಿಗೆ ಮುಕ್ತ ಮಾದರಿಗಳನ್ನು ರೂಪಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಯೋಜನೆಯ ಮೂಲಕ ಜಿಲ್ಲೆಗಳ ಆಧಾರದ ಮೇಲೆ ಮಾತಿನ ಮಾದರಿಗಳನ್ನು ಕಲೆಹಾಕಲು ತೊಡಗಿತು. ಇವುಗಳ ಜೊತೆಗೆ ಕನ್ನಡ ವಿದ್ವತ್ ಲೋಕವು ಸಲ್ಲಿಸಬಹುದಾದ ಸೇವೆಯೊಂದಿದೆ. ಜಾನಪದ ಹಾಗೂ ಉಪಭಾಷಾ ಸಂಶೋಧಕರು ದಶಕಗಳ ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಧ್ವನಿಸುರುಳಿಗಳು ಗ್ರಂಥಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಸವೆಯುತ್ತಿವೆ. ಅವುಗಳಿಗೆ ಆಡಿದ ರೂಪವನ್ನೂ ಶಿಷ್ಟರೂಪವನ್ನೂ ಬೇರೆಬೇರೆಯಾಗಿ ನಮೂದಿಸಿದ ಲಿಖಿತ ಪಾಠವನ್ನು ಜೋಡಿಸಿ ಸಂರಕ್ಷಿಸಿದರೆ, ಅದು ಸಂಶೋಧನೆಗೂ ಆಕರ, ಯಂತ್ರಕ್ಕೂ ಪಾಠ. ಹಾಗೆ ಕೂಡಿಟ್ಟ ಮಾತನ್ನಷ್ಟೇ ಯಂತ್ರವು ಗುರುತಿಸಬಲ್ಲುದು. ಯಾವ ಸೀಮೆಯ ನುಡಿ ಅದರಲ್ಲಿ ಸೇರುವುದಿಲ್ಲವೋ ಆ ಸೀಮೆಯವರು ತಮ್ಮ ಮನೆಯ ಗಣಕಯಂತ್ರದೊಡನೆ ಬೇರೆಯವರ ಕನ್ನಡದಲ್ಲಿ ಮಾತನಾಡಬೇಕಾಗುತ್ತದೆ.