ಬೆಲ್ಲನ ಮಂಡಿ, ಅಮ್ಮನ ಮಂಡಿ, ಹಿತ್ತಲ ಅವರೆ

ಹೋದ ಸಲ ನಿವೃತ್ತಿ ಉಳಿತಾಯದ ಬಗ್ಗೆ ಬರೆದಾಗ ಓದುಗರೊಬ್ಬರು ಕೇಳಿದ್ದರು: "ಮೇಡಂ, ಉಳಿಸೋ ವಿಷಯ ಸರಿ, ನೀವು ಕೈಬಿಚ್ಚಿ ಖರ್ಚು ಮಾಡೋದು ಯಾವುದಕ್ಕೆ?" ಉತ್ತರ ಸುಲಭ. ಮೊದಲು ನಾಯಿ ಕರೆದುಕೊಂಡು ಬೆಟ್ಟ ಹತ್ತೋದಕ್ಕೆ, ಈಗ ಮಣ್ಣಿಗೆ. ಒಂದರಿಂದ ಇನ್ನೊಂದಕ್ಕೆ ಬಂದಿದ್ದು ಇಷ್ಟಪಟ್ಟಲ್ಲ. ನಡುವೆ ನನ್ನದೊಂದು ಲೆಕ್ಕ ತಪ್ಪಿತು. ಊರಿಗೆಲ್ಲ ಬುದ್ಧಿ ಹೇಳುವವಳು ಅದನ್ನು ಮುಚ್ಚಿಡಬಾರದು, ಅದಕ್ಕೇ ಈ ಬರಹ.

ನಾವಿರುವುದು ಸಿಯಾಟಲ್ ಹತ್ತಿರ. ಮನೆಯಿಂದ ಒಂದು ಗಂಟೆ ಕಾರು ಓಡಿಸಿದರೆ ಕ್ಯಾಸ್ಕೇಡ್ ಬೆಟ್ಟಗಳು. ನಮ್ಮವರು ತೀರ್ಥಹಳ್ಳಿ ಕಡೆಯವರು, ಕಾಡು ಕಂಡರೆ ಕಾಲು ನಿಲ್ಲುವುದಿಲ್ಲ. ನಾನು ಬಸವನಗುಡಿಯವಳು, ಲಾಲ್‌ಬಾಗ್ ಬಂಡೆ ಹತ್ತಿದ್ದೇ ನನ್ನ ಟ್ರೆಕ್ಕಿಂಗ್. 2018ರಲ್ಲಿ ಶೆಲ್ಟರ್‌ನಿಂದ ಎರಡು ವರ್ಷದ ಲ್ಯಾಬ್ ಮಿಶ್ರತಳಿಯ ನಾಯಿಯೊಂದನ್ನು ತಂದೆವು. ಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟೆವು. ಅವನು ಬಂದ ಮೇಲೆ ನಾನೂ ಬ್ಯಾಕ್‌ಪ್ಯಾಕ್ ಹೊತ್ತೆ.

ನಾಯಿ ಜೊತೆ ಹೋಗುವವರು ಮೊದಲು ತಿಳಿಯಬೇಕಾದದ್ದು: ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಮೌಂಟ್ ರೇನಿಯರ್ ಪಾರ್ಕಿನಲ್ಲಿ ನಾಯಿಯನ್ನು ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್ ಬಿಟ್ಟು ಟ್ರೇಲ್ ಮೇಲೆ ಒಯ್ಯಲು ಹೆಚ್ಚುಕಡಿಮೆ ಎಲ್ಲೂ ಬಿಡುವುದಿಲ್ಲ. ಪಕ್ಕದ ಫಾರೆಸ್ಟ್ ಜಾಗದಲ್ಲಿ ಬಹಳ ಕಡೆ ಬಿಡುತ್ತಾರೆ. ಅಲ್ಲೂ ಎಲ್ಲ ಕಡೆ ಅಲ್ಲ, ಹೆಸರುವಾಸಿಯಾದ ಎನ್‌ಚಾಂಟ್‌ಮೆಂಟ್ಸ್‌ಗೆ ನಾಯಿ ತರುವಂತಿಲ್ಲ. ನಮ್ಮಂಥವರಿಗೆ 80 ಡಾಲರಿನ ಪಾರ್ಕ್ ಪಾಸು ಬೇಕಿಲ್ಲ, 30 ಡಾಲರಿನ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸು ಸಾಕು. ಮೊದಲ ವರ್ಷ ಇದು ಗೊತ್ತಿಲ್ಲದೆ ದೊಡ್ಡ ಪಾಸು ಕೊಂಡು, ರೇನಿಯರ್‌ನ ಪಾರ್ಕಿಂಗ್ ಲಾಟಿನಲ್ಲಿ ನಾಯಿ ಜೊತೆ ಪುಳಿಯೋಗರೆ ತಿಂದು ವಾಪಸ್ ಬಂದಿದ್ದೇವೆ.

ಊಟದ ವಿಷಯದಲ್ಲಿ ನಾವು ಕನ್ನಡಿಗರು ಗೆದ್ದಿದ್ದೇವೆ. ಅಂಗಡಿಯ ಫ್ರೀಜ್-ಡ್ರೈಡ್ ಪೊಟ್ಟಣ ಹತ್ತು ಡಾಲರಿನ ಮೇಲೆ, ತಿಂದರೆ ಕಾಗದ ತಿಂದ ಹಾಗೆ. ನಾವು ಗೊಜ್ಜವಲಕ್ಕಿ ಒಯ್ಯುತ್ತೇವೆ. ಅವಲಕ್ಕಿ ತರಿ, ಹುಣಸೆ ಪುಡಿ, ಬೆಲ್ಲ, ರಸಂ ಪುಡಿ, ಒಣಕೊಬ್ಬರಿ, ಕರಿದ ಕಡಲೆಬೀಜ ಎಲ್ಲ ಕಲಸಿ ಜಿಪ್‌ಲಾಕ್‌ಗೆ ಹಾಕಿದರೆ ಆಯಿತು. ಮೇಲೆ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಕು, ಸ್ಟೌವ್ ಹಚ್ಚುವ ಕೆಲಸವೇ ಇಲ್ಲ. ಭಾರವಿಲ್ಲ, ಕೆಡುವುದಿಲ್ಲ. ಇಷ್ಟು ಒಳ್ಳೆಯ ಬೆಟ್ಟದ ಊಟ ಕಂಡುಹಿಡಿದವರು ಬೆಟ್ಟ ಹತ್ತದೆ ದೇವಸ್ಥಾನದ ಜಗಲಿ ಮೇಲೆ ಕೂತು ತಿಂದರಲ್ಲ ಅಂತ ಇವರಿಗೆ ಬೇಜಾರು. ನಾಯಿಗೆ ಮಾತ್ರ ಇದನ್ನು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ. ಒಣದ್ರಾಕ್ಷಿಯಂತೂ ಕಿಡ್ನಿಯನ್ನೇ ಹಾಳುಮಾಡಬಹುದು. ಇನ್ನೊಂದು, ಈ ಭಾಗದ ಹೊಳೆ ದಂಡೆಯಲ್ಲಿ ಸತ್ತುಬಿದ್ದ ಸಾಲ್ಮನ್ ಮೀನನ್ನು ನಾಯಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅದರಲ್ಲಿರುವ ಹುಳುವಿನ ಮೂಲಕ ಬರುವ ಸೋಂಕಿಗೆ ಬೇಗ ಔಷಧ ಕೊಡದಿದ್ದರೆ ನಾಯಿ ಉಳಿಯುವುದು ಕಷ್ಟ.

ಖರ್ಚಿನ ಲೆಕ್ಕ ಇಟ್ಟಿದ್ದೆ, ಇಡದೆ ಇರುತ್ತೀನಾ? ಟೆಂಟ್, ಸ್ಲೀಪಿಂಗ್ ಬ್ಯಾಗ್, ಬೂಟು, ನಾಯಿಯ ಪ್ಯಾಕು, ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್, ಒಟ್ಟು 2,150 ಡಾಲರ್. ನಾಲ್ಕೂವರೆ ವರ್ಷದಲ್ಲಿ 61 ರಾತ್ರಿ ಹೊರಗೆ ಮಲಗಿದ್ದೇವೆ. ರಾತ್ರಿಗೆ 35 ಡಾಲರ್. ಆ ದುಡ್ಡಿಗೆ ಇಲ್ಲಿ ಮೋಟೆಲ್ ಬಾಗಿಲೂ ತೆರೆಯುವುದಿಲ್ಲ. ಈ ಶೀಟನ್ನು ಸ್ನೇಹಿತರಿಗೆಲ್ಲ ತೋರಿಸಿ ಮೆರೆದಿದ್ದೆ.

ತಪ್ಪಿದ್ದು ಇನ್ನೊಂದು ಶೀಟಿನಲ್ಲಿ.

ನಾಯಿ ತಂದ ವಾರವೇ ಇವರು, "ಒಂದು ಇನ್ಶೂರೆನ್ಸ್ ಮಾಡಿಸೋಣ ಕಣೇ, ತಿಂಗಳಿಗೆ 46 ಡಾಲರ್ ಅಂತೆ" ಅಂದರು. ನಾನು ಎಂಬಿಎ ಕ್ಲಾಸಿನ ಪಾಠ ಒಪ್ಪಿಸಿದೆ. ವಿಮಾ ಕಂಪನಿ ಲಾಭಕ್ಕೆ ಕೂತಿರುವುದು, ಸರಾಸರಿ ಗ್ರಾಹಕ ಕಟ್ಟುವುದು ಜಾಸ್ತಿ, ಪಡೆಯುವುದು ಕಡಿಮೆ. ಕಟ್ಟಿಕೊಳ್ಳಲು ನಮಗೆ ಶಕ್ತಿ ಇಲ್ಲದ ನಷ್ಟಕ್ಕೆ ಮಾತ್ರ ವಿಮೆ ಬೇಕು. ಆ 46ಕ್ಕೆ ಇನ್ನು ನಾಲ್ಕು ಸೇರಿಸಿ ತಿಂಗಳಿಗೆ 50 ಡಾಲರ್ ಬೇರೆ ಸೇವಿಂಗ್ಸ್ ಖಾತೆಗೆ ಹಾಕೋಣ ಅಂದೆ. ಹಾಕಿದೆವು ಕೂಡ.

2022ರ ಸೆಪ್ಟೆಂಬರ್. ಕೆರೆಯೊಂದರ ಪಕ್ಕ ಒಂದು ರಾತ್ರಿ ಕಳೆದು ಬೆಳಿಗ್ಗೆ ಇಳಿಯುತ್ತಿದ್ದೆವು. ಬೆಲ್ಲ ಒಂದು ಮರದ ದಿಮ್ಮಿ ದಾಟಿ ಹಾರಿದ, ಕೂಗಲಿಲ್ಲ, ಸುಮ್ಮನೆ ಹಿಂದಿನ ಎಡಗಾಲು ಎತ್ತಿ ನಿಂತುಬಿಟ್ಟ. ಮುಂದೆ ಒಂದು ಹೆಜ್ಜೆ ಬರಲೊಲ್ಲ. ಮೂವತ್ತೆರಡು ಕೆಜಿ ನಾಯಿ, ಕಾರಿಗೆ ಇನ್ನೂ ಏಳು ಕಿಲೋಮೀಟರ್, ಫೋನಿಗೆ ಸಿಗ್ನಲ್ ಇಲ್ಲ. ನಾಯಿಯನ್ನು ಹೊರುವ ಸ್ಲಿಂಗ್ ಅಂತ ಸಿಗುತ್ತದೆ, ಕಾಲು ಕೆಜಿಯೂ ತೂಗುವುದಿಲ್ಲ. ನಮ್ಮ ಹತ್ತಿರವೂ ಇತ್ತು, ಮನೆಯಲ್ಲಿ. ಭಾರ ಕಡಿಮೆ ಮಾಡುವ ಹುಚ್ಚಿನಲ್ಲಿ ನಾನೇ ತೆಗೆದಿಟ್ಟಿದ್ದೆ.

ಕೊನೆಗೆ ಉಪಯೋಗಕ್ಕೆ ಬಂದಿದ್ದು ಇವರ ಲುಂಗಿ. ಟೆಂಟಿನಲ್ಲೂ ಲುಂಗಿಯುಟ್ಟೇ ಮಲಗುವ ಮನುಷ್ಯ, ನಾನು ಪ್ರತಿ ಸಲ ನಗುತ್ತಿದ್ದೆ. ಅದನ್ನು ಮಡಿಸಿ ಬೆಲ್ಲನ ಹಿಂಗಾಲಿನ ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡೂ ತುದಿ ಹಿಡಿದು ಅವನ ಹಿಂಭಾಗದ ಭಾರ ನಾವು ಹೊತ್ತೆವು. ಅವನು ಮುಂಗಾಲಲ್ಲಿ ನಡೆದ. ಹತ್ತು ನಿಮಿಷ ಇವರು, ಹತ್ತು ನಿಮಿಷ ನಾನು. ಏಳು ಕಿಲೋಮೀಟರಿಗೆ ಆರು ಗಂಟೆ ಹಿಡಿಯಿತು. ದಾರಿಯಲ್ಲಿ ಇವರು ಒಂದು ಮಾತೂ ಆಡಲಿಲ್ಲ, ಇನ್ಶೂರೆನ್ಸ್ ಅನ್ನಲೂ ಇಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಟಿಪಿಎಲ್‌ಒ ಅಂತ ಒಂದು ಆಪರೇಷನ್ನು: ಮೊಣಕಾಲಿನ ಕೆಳಗಿನ ಮೂಳೆ ಕತ್ತರಿಸಿ, ಕೋನ ತಿರುಗಿಸಿ, ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಎರಡು-ಮೂರು ತಿಂಗಳು ಓಟ, ಹಾರಾಟ ಎಲ್ಲ ಬಂದ್. ಬಿಲ್ಲು 6,800 ಡಾಲರ್. ಬೆಲ್ಲನ ಖಾತೆಯಲ್ಲಿದ್ದದ್ದು 2,700 ಚಿಲ್ಲರೆ. ಆಗಿನ ರೇಟಿನಲ್ಲಿ ಐದೂವರೆ ಲಕ್ಷ ರೂಪಾಯಿಯ ಮೇಲೆ.

ರೂಪಾಯಿಗೆ ಯಾಕೆ ತಿರುಗಿಸಿದೆ ಅಂದರೆ, ಅದೇ ವರ್ಷ ಬೆಂಗಳೂರಿನಲ್ಲಿ ಅಮ್ಮನ ಮಂಡಿಯೂ ಕೂತುಹೋಗಿತ್ತು. ಡಾಕ್ಟರು ಬದಲಾಯಿಸಿ ಅಂದಿದ್ದರು, ಒಂದು ಕಾಲಿಗೆ ಸುಮಾರು ಎರಡೂವರೆ ಲಕ್ಷ. ಅಮ್ಮ, "ಈ ವಯಸ್ಸಿಗೆ ಅಷ್ಟೊಂದು ದುಡ್ಡು ದಂಡ, ಬಿಡು" ಅಂತ ಮುಂದೂಡುತ್ತಲೇ ಇದ್ದಳು. ನಾಯಿಯ ಮಂಡಿಗೆ ಎಷ್ಟು ಕೊಟ್ಟೆವು ಅಂತ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ವರ್ಷ ಹೇಳಲೇ ಇಲ್ಲ.

ಆಪರೇಷನ್ ಆದಮೇಲೆ ಬುದ್ಧಿ ಬಂದು ಇನ್ಶೂರೆನ್ಸ್ ಮಾಡಿಸಲು ಹೋದೆ. ನಾವು ಕೇಳಿದ ಕಂಪನಿಯ ಪಾಲಿಸಿಯಲ್ಲಿ ಒಂದು ಕಲಮು ಇತ್ತು, ಇದನ್ನು ದಯವಿಟ್ಟು ಗಮನಿಸಿ: ಒಂದು ಮಂಡಿಯ ತೊಂದರೆ ಮೊದಲೇ ಇದ್ದರೆ, ಇನ್ನೊಂದು ಮಂಡಿಯನ್ನೂ ಮೊದಲೇ ಇದ್ದ ಕಾಯಿಲೆ ಅಂತಲೇ ಲೆಕ್ಕ. ಬಹಳಷ್ಟು ಪಾಲಿಸಿಗಳಲ್ಲಿ ಇದು ಇರುತ್ತದೆ. ಜೊತೆಗೆ ಮಂಡಿಯ ಲಿಗಮೆಂಟಿಗೆಂದೇ ಬೇರೆ ಕಾಯುವ ಅವಧಿ, ಕೆಲವದರಲ್ಲಿ ಆರು ತಿಂಗಳು. ಒಂದು ಕಡೆ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇನ್ನೊಂದು ಕಡೆಯೂ ಹರಿಯುತ್ತದೆ ಅಂತ ನಮ್ಮ ವೆಟ್ ಮೊದಲೇ ಹೇಳಿದ್ದರು. ಕಂಪನಿಗೂ ಅದು ಗೊತ್ತು. ಗೊತ್ತಿಲ್ಲದಿದ್ದವಳು ನಾನೊಬ್ಬಳೇ. 2023ರ ನವೆಂಬರಿನಲ್ಲಿ ಮನೆಯ ಮೆಟ್ಟಿಲ ಮೇಲೇ ಬಲಮಂಡಿ ಹೋಯಿತು. 7,250 ಡಾಲರ್.

ಲೆಕ್ಕ ನೋಡೋಣ. ಎರಡೂ ಸೇರಿ 14,050. ಮೊದಲ ದಿನವೇ ಪಾಲಿಸಿ ಮಾಡಿಸಿದ್ದರೆ, ವರ್ಷಕ್ಕೆ 500 ಡಿಡಕ್ಟಿಬಲ್ ಕಳೆದು ಉಳಿದದ್ದರಲ್ಲಿ ಶೇ. 80 ವಾಪಸ್, ಅಂದರೆ 10,440 ಬರುತ್ತಿತ್ತು. ವಯಸ್ಸಿನ ಜೊತೆ ಏರುವ ಪ್ರೀಮಿಯಂ ಹಿಡಿದರೂ ಅಷ್ಟು ವರ್ಷಕ್ಕೆ ಕಟ್ಟುತ್ತಿದ್ದದ್ದು ಸುಮಾರು 3,700. ನಷ್ಟ 6,700ರ ಆಸುಪಾಸು.

ಫಲಿತಾಂಶ ನೋಡಿ ತೀರ್ಮಾನವನ್ನು ಬೈಯಬಾರದು ಅಂತ ನಾನೇ ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಇಲ್ಲಿ ತೀರ್ಮಾನವೇ ತಪ್ಪು. ನಾನು ಲೆಕ್ಕ ಹಾಕಿದ್ದು ಸರಾಸರಿ ನಾಯಿಗೆ. ನಮ್ಮದು ಸರಾಸರಿ ನಾಯಿಯಲ್ಲ. ಲ್ಯಾಬ್ ಜಾತಿಗೆ ಈ ತೊಂದರೆ ಹೆಚ್ಚು, ಮೇಲಿಂದ ವಾರಾಂತ್ಯವೆಲ್ಲ ಬೆಟ್ಟ ಇಳಿಯುವ ಕೆಲಸ. ಪ್ರೀಮಿಯಂ ಎಲ್ಲ ಲ್ಯಾಬ್‌ಗೂ ಒಂದೇ, ಸೋಫಾ ಮೇಲೆ ಮಲಗಿರುವುದಕ್ಕೂ ಸೇರಿ. ಅಂದರೆ ಆ ಬೆಲೆ ನಮಗೆ ಅಗ್ಗವಾಗಿತ್ತು. ಹವ್ಯಾಸ ನಮ್ಮ ರಿಸ್ಕನ್ನು ಬದಲಾಯಿಸಿತ್ತು, ಶೀಟಿನಲ್ಲಿ ಮಾತ್ರ ಅದಕ್ಕೆ ಕಾಲಮ್ಮೇ ಇರಲಿಲ್ಲ. ನಿಮ್ಮಲ್ಲಿ ಸ್ಕೀಯಿಂಗ್, ಸೈಕ್ಲಿಂಗ್ ಮಾಡುವವರು ನಿಮ್ಮ ಡಿಸೆಬಿಲಿಟಿ ಪಾಲಿಸಿಯನ್ನೂ ಹೀಗೇ ಒಮ್ಮೆ ತೆಗೆದು ನೋಡಿ.

ಎರಡನೆಯ ಆಪರೇಷನ್ ಹೊತ್ತಿಗೆ ಅಮ್ಮನಿಗೆ ಹೇಳಿದೆ, ಮೊತ್ತ ಸಮೇತ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ದುಡ್ಡಿನ ವಿಷಯ ಅಲ್ಲ. "ಮೊದಲನೇ ಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತುತ್ತಾನಾ?" ಹತ್ತುತ್ತಾನೆ ಅಂದೆ. ವಿಡಿಯೋ ಕಳಿಸು ಅಂದಳು. 2024ರ ಫೆಬ್ರವರಿಯಲ್ಲಿ ಅಮ್ಮ ಆಪರೇಷನ್ ಮಾಡಿಸಿಕೊಂಡಳು. ನಾನು ಮೂರು ವಾರ ಹೋಗಿದ್ದೆ. ಎಲ್ಲ ಕೈಯಿಂದಲೇ ಕಟ್ಟಿದ್ದು, ಅವಳಿಗೂ ಪಾಲಿಸಿ ಇರಲಿಲ್ಲ. ಊರಿನಲ್ಲಿ ಅಪ್ಪ ಅಮ್ಮ ಇರುವವರಿಗೆ ಒಂದು ಮಾತು: 2024ರಲ್ಲಿ ಐಆರ್‌ಡಿಎಐ ಆರೋಗ್ಯ ವಿಮೆ ಕೊಳ್ಳಲು ಇದ್ದ 65ರ ವಯೋಮಿತಿ ತೆಗೆದಿದೆ, ಮೊದಲೇ ಇರುವ ಕಾಯಿಲೆಗೆ ಕಾಯುವ ಗರಿಷ್ಠ ಅವಧಿಯನ್ನು 48ರಿಂದ 36 ತಿಂಗಳಿಗೆ ಇಳಿಸಿದೆ. ಆದರೂ ಮಂಡಿ ಬದಲಾವಣೆಗೆ ಬೇರೆ ಕಾಯುವ ಅವಧಿ ಇರುವುದು ಸಾಮಾನ್ಯ. ನೋವು ಶುರುವಾದ ಮೇಲೆ ಫಾರ್ಮ್ ತುಂಬಿಸಿದರೆ ಬೆಲ್ಲನ ಕಥೆಯೇ ಆಗುತ್ತದೆ.

ಇನ್ನು ಬೆಟ್ಟ ಇಲ್ಲ. ದಿನಕ್ಕೆರಡು ಸಲ ನಿಧಾನವಾದ ವಾಕು, ಅಷ್ಟೆ. ಶನಿವಾರ ಬೆಳಿಗ್ಗೆ ಆರಕ್ಕೆ ಎಚ್ಚರಾಗುವ ಅಭ್ಯಾಸ ಮಾತ್ರ ಹೋಗಲಿಲ್ಲ. 2024ರ ಏಪ್ರಿಲಿನಲ್ಲಿ ಇವರು ಹಿತ್ತಲಿನ ಹುಲ್ಲು ಅಗೆಯಲು ಶುರುಮಾಡಿದರು. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಒಂದು ಅಡಿ ಎತ್ತರದ ಮೂರು ಮರದ ಚೌಕಟ್ಟು. ತುಂಬಲು ಮೂರೂವರೆ ಕ್ಯೂಬಿಕ್ ಯಾರ್ಡಿಗಿಂತ ಹೆಚ್ಚು ಮಣ್ಣು. ಹಲಗೆ, ಮಣ್ಣು, ಡೆಲಿವರಿ, ಪೈಪು ಸೇರಿ 940 ಡಾಲರ್. ಟೊಮೇಟೊಗೆ ಎಷ್ಟು ಬಿತ್ತು ಅಂತ ಕೇಳಬೇಡಿ. 'ದಿ 64 ಡಾಲರ್ ಟೊಮೇಟೊ' ಅಂತ ಇದೇ ಗೋಳಿನ ಮೇಲೆ ಒಬ್ಬ ಅಮೆರಿಕನ್ ಪುಸ್ತಕವನ್ನೇ ಬರೆದಿದ್ದಾನೆ. ಲಾಭ ಬಂದಿದ್ದು ಮೆಂತ್ಯ, ಕೊತ್ತಂಬರಿ, ದಂಟಿನಲ್ಲಿ. ಒಂದು ಹಿಡಿ ಬೀಜಕ್ಕೆ ವಾರಗಟ್ಟಲೆ ಸೊಪ್ಪು. ಕರಿಬೇವು ಕುಂಡದಲ್ಲಿ, ಚಳಿಗಾಲಕ್ಕೆ ಮನೆಯೊಳಗೆ. ಬೇರೆ ರಾಜ್ಯದಿಂದ ಕರಿಬೇವಿನ ಗಿಡ ತರುವ ಮುಂಚೆ ನಿಯಮ ನೋಡಿ. ಅದು ನಿಂಬೆ ಕುಟುಂಬದ ಗಿಡ, ಕಿತ್ತಳೆ ತೋಟ ಹಾಳುಮಾಡುವ ಕೀಟ ಅದರ ಮೇಲೂ ಕೂರುತ್ತದೆ ಅಂತ ಫ್ಲೋರಿಡಾ, ಕ್ಯಾಲಿಫೋರ್ನಿಯಾದಂಥ ಕಡೆಯಿಂದ ಸಾಗಿಸಲು ನಿರ್ಬಂಧ ಇದೆ. ನಾಯಿ ಇರುವ ಮನೆಯಲ್ಲಿ ಬಸವನಹುಳುವಿಗೆ ಮೆಟಾಲ್ಡಿಹೈಡ್ ಇರುವ ಮದ್ದು ಹಾಕಲೇಬಾರದು, ನಾಯಿ ತಿಂದರೆ ಪ್ರಾಣಕ್ಕೇ ಕುತ್ತು. ಐರನ್ ಫಾಸ್ಫೇಟಿನದು ಸಿಗುತ್ತದೆ.

ಆದರೆ ಇವರ ಮನಸ್ಸೆಲ್ಲ ಅವರೆಯ ಮೇಲೆ. ಮೊದಲ ವರ್ಷ ಬಳ್ಳಿ ಹನ್ನೆರಡು ಅಡಿ ಹಬ್ಬಿತು, ಬೇಲಿ ಮುಚ್ಚಿತು, ಒಂದು ಹೂವಿಲ್ಲ. ನವೆಂಬರಿನ ಮಂಜಿಗೆ ಹಾಗೇ ಕಪ್ಪಾಗಿ ಸತ್ತಿತು. ಕಾರಣ ಹುಡುಕಿದಾಗ ಗೊತ್ತಾಯಿತು, ಊರಿನ ಅವರೆ ಹಗಲು ಕುಗ್ಗಿದರೆ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ನಮ್ಮಲ್ಲಿ ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲೂ ಹದಿಮೂರು ಗಂಟೆ ದಾಟುವುದಿಲ್ಲ. ಇಲ್ಲಿ ಜೂನಿನಲ್ಲಿ ಹದಿನಾರು. ಹಗಲು ಹನ್ನೆರಡಕ್ಕೆ ಇಳಿಯುವಷ್ಟರಲ್ಲಿ ಸೆಪ್ಟೆಂಬರ್ ಕೊನೆ, ಆಮೇಲೆ ಕಾಯಿ ಕಟ್ಟಲು ಬಿಸಿಲೇ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ಹಗಲಿನ ಹಂಗಿಲ್ಲದ ತಳಿಗಳನ್ನು ಕೊಟ್ಟಿದ್ದಾರೆ, ಆದರೆ ಬೀಜ ತರಲು ಪರ್ಮಿಟ್ಟೋ ಫೈಟೊಸ್ಯಾನಿಟರಿ ಸರ್ಟಿಫಿಕೇಟೋ ಬೇಕು. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಸೇರಿಸಿ ತರುವ ಸಾಹಸ ಬೇಡ.

ಹೋದ ವರ್ಷ ಇವರು ಒಂದು ಬಳ್ಳಿಯನ್ನು ದೊಡ್ಡ ಕುಂಡದಲ್ಲಿ ಬೆಳೆಸಿ, ತುದಿ ಚಿವುಟಿ ಗಿಡ್ಡ ಮಾಡಿದರು. ಆಗಸ್ಟ್ ಒಂದರಿಂದ ದಿನಾ ಸಂಜೆ ಆರಕ್ಕೆ ಫ್ರಿಜ್ಜಿನ ರಟ್ಟಿನ ಡಬ್ಬ ಕವುಚುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು. ಬೆಲ್ಲ ಎರಡು ಹೊತ್ತೂ ಜೊತೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ, ಇದೇ ಅವನ ಟ್ರೇಲು ಈಗ. ಸೆಪ್ಟೆಂಬರ್ ಮೊದಲ ವಾರ ನೇರಳೆ ಹೂ ಬಂತು. ಅಕ್ಟೋಬರಿನಲ್ಲಿ ಕಾಯಿ. ಬಿಡಿಸಿದರೆ ಒಂದು ಬೊಗಸೆ ಕಾಳು, ಇಬ್ಬರಿಗೆ ಒಂದು ಹೊತ್ತಿನ ಹುಳಿಗೆ ಸಾಕಾಗುವಷ್ಟು. ಫ್ರೋಜನ್ ಪ್ಯಾಕೆಟಿನಲ್ಲಿ ಎಂದೂ ಸಿಗದ ಸೊಗಡು ಕೈಗೆ ಅಂಟಿತ್ತು, ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆವು. ಅಡುಗೆಮನೆಯಲ್ಲಿ ಕೋಲಿಲ್ಲದೆ ನಿಂತು ನೋಡಿದಳು, "ಇಷ್ಟೇನಾ?" ಅಂದಳು.

ಈ ವರ್ಷಕ್ಕೆ ಇವರು ನೆರೆಹೊರೆಯಲ್ಲಿ ಹೊಸ ಫ್ರಿಜ್ ಯಾರು ತರುತ್ತಾರೆ ಅಂತ ವಿಚಾರಿಸುತ್ತಿದ್ದಾರೆ. ಮೂರು ಡಬ್ಬ ಬೇಕಂತೆ.