ಡಬ್ಲಿನ್‌ಗೆ ಪಬ್, ಬೆಳಗಾವಿಗೆ ಕುಂದಾ

ಐರ್ಲೆಂಡಿನ ಡಬ್ಲಿನ್‌ನಾಗ 'ಬ್ರೇಜನ್ ಹೆಡ್' ಅಂತ ಒಂದು ಪಬ್ ಐತ್ರಿ. 1198ರಿಂದ ನಮ್ಮದು ನಡದೈತಿ ಅಂತಾರ ಅವರು. ಈಗಿನ ಕಟ್ಟಡ ಮಾತ್ರ 1754ರದ್ದು! ಆದ್ರೂ ಮಂದಿ ಹೋಗೂದು ಬಿಟ್ಟಿಲ್ಲ. ಬರೇ ಬಿಯರ್‌ಗಲ್ಲ, ಕುಂತು ಹರಟಿ ಹೊಡ್ಯಾಕ, ಹಾಡು ಕೇಳಾಕ.

ಬೆಳಗಾವ್ಯಾಗ ಆ ಸೆಳೆತ ಇರೂದು ಮಿಠಾಯಿ ಅಂಗಡಿಗೆ. 1818ರಾಗ ಕಿಲ್ಲೆ ಬ್ರಿಟಿಷರ ಕೈಗೆ ಹೋತು, ಮುಂದ ದಂಡಿನ ಕ್ಯಾಂಪ್ ಬೆಳೀತು. ಅದೇ ಕ್ಯಾಂಪಿನ ಪುರೋಹಿತರ ಮಿಠಾಯಿ ಅಂಗಡಿ ಕುಂದಾ ಇವತ್ತಿಗೂ ಹೆಸರುವಾಸಿ. ಒಲಿ ಮ್ಯಾಲಿನ ಹಾಲು ಮರತು ಕುಂದಾ ಹುಟ್ಟಿತು ಅಂತ ಕಥಿ ಹೇಳ್ತಾರ. ಕಥಿ ಚಂದ ಐತಿ, ಪುರಾವೆ ಕೇಳಬ್ಯಾಡ್ರಿ! ಖರೇ ಕೆಲಸ ಕಡಾಯಿದು: ಹಾಲು, ಖವಾ, ಸಕ್ಕರಿ ಕೂಡಿ ಕಂದು ಬಣ್ಣಕ್ಕ ತಿರುಗೂತನಕ ಕೈಯಾಡಿಸ್ತಾನೇ ಇರಬೇಕು. ಬಿಟ್ಟರ ತಳ ಹತ್ತತೈತಿ.

ಖಾನಾಪುರದಿಂದ ಕೋರ್ಟು, ದವಾಖಾನಿ, ಮದವಿ ಜವಳಿ ಅಂತ ಬಂದವರು ಬಸ್ ಹತ್ತೂಕಿಂತ ಮೊದಲ ಕಾಲು ಕಿಲೋ ಕಟ್ಟಿಸ್ಕೋತಾರ. ಕೌಂಟರ್ ಮುಂದ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲಾ ಕಿವಿಗೆ ಬೀಳ್ತಾವ. ಪಬ್ಬಿನಂಗ ತಾಸುಗಟ್ಟಲೆ ಕುಂದ್ರಾಕ ಆಗಂಗಿಲ್ಲ, ಅದೊಂದೇ ಕೊರತಿ.

ಊರಿಗೆ ಒಯ್ಯೋರಿಗೆ ಒಂದು ಮಾತು: ಇದು ಹಾಲಿಂದು, ಭಾಳ ದಿನ ಇಡಬ್ಯಾಡ್ರಿ, ತಿಂದು ಖಾಲಿ ಮಾಡ್ರಿ.